ಮಹಾಪ್ರಾಣ

ನಾನು ಬೋರ್ಡು ಬರಿಯಾಂವ.
ಶಿರಹಟ್ಟಿ ಬಸ್‌ಸ್ಟ್ಯಾಂಡಿನ ಎದುರು,
ಗಿರಮಿಟ್ಟಿನ ಗಾಡಿ ದಾಟಿ ಮೂರನೇ ಖೋಲಿ.
ಹಿಟ್ಟಿನ ಗಿರಣಿ, ಸೀರಿ ಅಂಗಡಿ, ಹಲ್ಲಿನ ಡಾಕ್ಟರು,
ಟ್ರ್ಯಾಕ್ಟರಿನ ಹಣಿಗೆ ‘ಅವ್ವನ ಆಶೀರ್ವಾದ’.
ಊರ ಮಂದಿ ಹೆಸರು ಒಮ್ಮೆಯಾದರೂ
ಈ ಕೈಯಾಗಿಂದ ಹಾದು ಹೋಗ್ಯಾವ.

ಅವನ ಹೆಸರು ಮೊದಲ ಬರದದ್ದು ಟ್ರಂಕಿನ ಮ್ಯಾಲ.
ಕರಿ ಟ್ರಂಕು, ಬಿಳಿ ಬಣ್ಣ, ಹೆಸರಿನ ಕೆಳಗೊಂದು ನಂಬರು.
‘ಇಂಗ್ಲಿಷಿನ್ಯಾಗ ಬರೀರಿ ಕಾಕಾ,
ಅಲ್ಲಿ ಕನ್ನಡ ಯಾರು ಓದತಾರ?’ ಅಂದ.
ಬರದೆ. ಆಮ್ಯಾಲ ಮುಚ್ಚಳದ ಒಳಮೈಗೆ,
ಅಂಗಿ ತಗೋವಾಗ ಅವನಿಗಷ್ಟ ಕಾಣೂಹಂಗ,
ಕನ್ನಡದಾಗೂ ಬರದೆ: ಫಕ್ಕೀರೇಶ ಬಾರಕೇರ.
ಫ ಅಂದರ ಮಹಾಪ್ರಾಣ.
ಹೊಟ್ಟಿ ಸೀಳದ ಆ ಅಕ್ಷರ ಆಗಂಗಿಲ್ಲ ಅಂತ
ಸಾಲ್ಯಾಗ ಮಾಸ್ತರು ಕಿವಿ ಹಿಂಡಿ ಕಲಿಸಿದ್ದರು.
ರೊಕ್ಕ ಬ್ಯಾಡಂದೆ. ಬ್ರಶ್ಶಿನ ಡಬ್ಬಿಯೊಳಗ
ಇಪ್ಪತ್ತರ ನೋಟು ತುರುಕಿ ಓಡಿದ.

ಬಾಜೂಕಿನ ಎಸ್‌ಟಿಡಿ ಬೂತಿಗೆ ಫೋನ್ ಬಂದರ
ನೀಲವ್ವನ್ನ ಕರಿಯಾಕ ಓಡಾಂವ ನಾನ.
‘ಗುಂಡು ಗಿಂಡು ಇಲ್ಲಬೇ.
ಮ್ಯಾಲಿನ ಮಂದಿಗೆ ಹಿಟ್ಟು, ಸೀಮಿಎಣ್ಣಿ, ಟಪಾಲು ಒಯ್ಯೂದು,
ಬರ್ತಾ ಗಾಯಾದವರನ್ನ ಕರಕೊಂಡು ಬರೂದು.
ನಮ್ಮ ಲಕ್ಷ್ಮೇಶ್ವರದ ಟೆಂಪೋ ಇದ್ದಂಗ,
ರಸ್ತಾ ಒಂದು ಇಲ್ಲ ಅಷ್ಟ.’
ಆಕಿ ರಿಸೀವರು ಎರಡೂ ಕೈಲೆ ಹಿಡಕೊಂಡು
ಉಂಡಿಯೇನು ಅಂತ ಕೇಳತಿದ್ದಳು,
ಅಂವ ಹಲೋ ಹಲೋ ಅಂತಿದ್ದ.

ಹೆಸರು ಬಿತ್ತೂ ಹದದಾಗ ಸುದ್ದಿ ಬಂತು.
ನಾಕು ಮಂದಿ ಇದ್ದರಂತ ಒಳಗ.
ಮೋಡದಾಗ ಗುಡ್ಡ ಕಾಣಲಿಲ್ಲ ಅಂದ ಒಬ್ಬ.
ಹೊಡದ ಕೆಡವಿದರು ಅಂದ ಇನ್ನೊಬ್ಬ.
ಪಂಖಾ ಮುರದಿತ್ತು ಅಂದ ಎಂದೂ ವಿಮಾನ ನೋಡದಾಂವ.
ಆಮ್ಯಾಲ ಸರಕಾರದ ಕಾಗದ ಬಂತು;
ಅದರಾಗ ಈ ಮೂರೂ ಇರಲಿಲ್ಲ.

ಕೂಡುರಸ್ತಾಕ ಅವನ ಹೆಸರಿಡೂದು ಅಂತಾತು.
ತಗಡು ತಿಕ್ಕಿ, ನೀಲಿ ಬಳದು, ಗೆರಿ ಹೊಡದು ಕುಂತೆ.
ಪಂಚಾಯ್ತಿ ಮೆಂಬರು ಎಲಡಿಕಿ ಉಗುಳಿ ಬಂದು
‘ಹುತಾತ್ಮ ಅಂತ ಬರೀಬಹುದೇನು?
ಗುಂಡು ತಾಗಿಲ್ಲ. ಇದು ಅಪಘಾತ ಅಲ್ಲೇನು?’ ಅಂದ.
ಒಬ್ಬ ಹೌದಂದ, ಒಬ್ಬ ಜಗಳಕ್ಕ ನಿಂತ,
ಗದಗಿಗೆ ಫೋನ್ ಹಚ್ಚಿ ಕೇಳೂಣಂದ ಮತ್ತೊಬ್ಬ.
ನನ್ನ ಡಬ್ಬ್ಯಾಗ ಬಣ್ಣ ಕೆನಿಗಟ್ಟಾಕ ಹತ್ತಿತ್ತು.
ನೀಲವ್ವ ಸೆರಗು ಬಿಗಿ ಮಾಡಿಕೊಂಡು ಬಂದು
‘ಹೆಸರ ಬರಿ ತಮ್ಮಾ,
ಉಳದದ್ದು ಇವರು ಮುಗಿಸಿದ ಮ್ಯಾಲ ಬರಿ’ ಅಂದಳು.

ಬರದೆ. ಹೆಸರಿನ ಮುಂದ ಒಂದು ಗೇಣು ಜಾಗ ಬಿಟ್ಟೆ.
ಅದು ಇನ್ನೂ ಖಾಲಿನ ಐತಿ.

ಆಕಿಗೆ ಓದಾಕ ಬರೂದಿಲ್ಲ.
‘ಎಲ್ಲಿಂದ ಸುರು ಆಗತಾನಪಾ ಇದರಾಗ?’
ಫ ತೋರಿಸಿದೆ.
ಹಸಿ ಬಣ್ಣ, ಬ್ಯಾಡಬೇ ಅನ್ನೂದರಾಗ
ಸೀಳಿನ ಮ್ಯಾಲ ಬೆರಳಿಟ್ಟುಬಿಟ್ಟಿದ್ದಳು.

ಒರಸಲಿಲ್ಲ ನಾನು.
ವರ್ಷಾ ವರ್ಷಾ ಬಣ್ಣ ಹಚ್ಚಿದೆ, ಆ ಬೆರಳು ಬಿಟ್ಟು.
ಸುತ್ತ ಪದರ ಏರಿ ಏರಿ
ಗುರುತು ಈಗ ಕುಣಿ ಬಿದ್ದಂಗ ಆಳ ಆಗೇತಿ.

ಹೋದ ವರ್ಷ ರಸ್ತಾ ಅಗಲ ಮಾಡಿದರು.
ತಗಡು ಕಿತ್ತು ಗಟಾರದ ಬಾಜೂಕ ಒಗದಿದ್ದರು, ಹೊತ್ತು ತಂದೆ.
ಆ ಜಾಗಾಕ್ಕ ಫ್ಲೆಕ್ಸು ಬಂತು:
ಹಲ್ಲು ಬಿಟ್ಟ ಹನ್ನೊಂದು ಮುಖ, ಎಲ್ಲಾ ಜೀವಂತ ಇದ್ದವರವು,
ಮೂಲ್ಯಾಗ ಅಂಚೆಚೀಟಿಯಷ್ಟು ಅಂವ,
ಕೆಳಗ ‘ಪಕೀರೇಶ’.
ಒಂದು ಕ ನುಂಗ್ಯಾರ, ಹೋಗಲಿ.
ಹುಡುಗನ್ನ ಅಲ್ಪಪ್ರಾಣ ಮಾಡಿಬಿಟ್ಟಾರ.

ರಾತ್ರಿ ಗಿರಮಿಟ್ಟಿನ ಗಾಡಿ ಹೋದ ಮ್ಯಾಲ
ಏಣಿ ಹಚ್ಚಿ, ಸಣ್ಣ ಬ್ರಶ್ಶಿನಿಂದ
ಪ ಹೊಟ್ಟಿ ಸೀಳಿ ಬಂದೆ.
ಪ್ಲಾಸ್ಟಿಕ್ಕಿಗೆ ಎಣ್ಣಿ ಬಣ್ಣ ನಿಲ್ಲಂಗಿಲ್ಲ.
ಕಪ್ಪತಗುಡ್ಡದ ಗಾಳಿಗೆ ಎಂಟು ದಿನಕ್ಕ ಚಕ್ಕಿ ಎದ್ದು ಹೋಗತೈತಿ.

ಸಂತಿ ದಿನ ನೀಲವ್ವ ಬರತಾಳ.
ಅರ್ಧ ಕಪ್ ಚಾ ಕುಡದು,
ಗ್ವಾಡಿಗೆ ಆನಿಸಿದ ತಗಡಿನ ಮುಂದ ಕುಂತು
ಕುಣಿಯಾಗ ಬೆರಳಿಡತಾಳ.
‘ಹಿಡಿಸವಲ್ದೋ ತಮ್ಮಾ.
ನನ್ನ ಬೆರಳ ದಪ್ಪ ಆದವೋ ಏನೋ.’
ಮುದುಕಿ, ಬರೇ ಎಲುಬು ಉಳದಾವ.
ನಾ ಏನೂ ಅನ್ನಂಗಿಲ್ಲ,
ಬ್ರಶ್ಶು ಸೀಮಿಎಣ್ಣ್ಯಾಗ ಅದ್ದಿ ತೊಳೀತೀನಿ.

ಗಾಳಿ ಜೋರೈತಿ ಈ ಸಲ.
ಬಾಜೂಕಿನವರ ಕಡೆ ಏಣಿ ಕೇಳಬೇಕು.