ಕ್ರಮಸಂಖ್ಯೆ ನಲವತ್ತೊಂದು

ಬೆಳ್ಳಿ ತಲೆಯ ದಂಡ, ಒಂದು. ಕುತ್ತಿಗೆಯ ಬಳಿ ನೆಗ್ಗು.
ತೂಕ ನಮೂದಿಸಿಲ್ಲ.
ಮಡಿಕೇರಿ ಕೋರ್ಟಿನ ದಾಸ್ತಾನು ಪುಸ್ತಕಕ್ಕೆ
ಈ ಸಾಲು ನಕಲು ಮಾಡಿದವಳು ನಾನೇ.

ತೂಕ ಕುಂಞಪ್ಪ ದಫೇದಾರರ ಭುಜಕ್ಕೆ ಗೊತ್ತು.
ಮೂವತ್ತೊಂದು ವರ್ಷ, ಜಡ್ಜ್ ಸಾಹೇಬರಿಗಿಂತ
ಮೂರು ಹೆಜ್ಜೆ ಮುಂದೆ.
ಶನಿವಾರ ಹುಣಸೆಹಣ್ಣು, ಒಲೆಯ ಬೂದಿ, ಹಳೇ ಪಂಚೆಯ ಚೂರು.
ಮಂಜು ಒಳನುಗ್ಗಿದ ದಿನ ಕಾರಿಡಾರಿನಲ್ಲಿ
ಮೊದಲು ಕಾಣುತ್ತಿದ್ದುದು ಆ ಬೆಳ್ಳಿ ಮುಷ್ಟಿ,
ಆಮೇಲೆ ರುಮಾಲು,
ಕೊನೆಗೆ ನ್ಯಾಯ.

ಹೊಸ ಸಾಹೇಬರು ಬಂದರು, ಸಣ್ಣ ವಯಸ್ಸು.
"ಇದೆಲ್ಲ ಯಾಕೆ? ದಾರಿ ನನಗೆ ಗೊತ್ತಲ್ಲ" ಅಂದರು.
ತಪ್ಪೇನಿಲ್ಲ. ಇರುವುದೇ ಇಪ್ಪತ್ತೆರಡು ಹೆಜ್ಜೆ.
ದಂಡ ಬೀರು ಸೇರಿತು, ಹಳೇ ಟೈಪ್‌ರೈಟರಿನ ಪಕ್ಕ.

ಮೇ ತಿಂಗಳು, ನಾಪೋಕ್ಲಿನಲ್ಲಿ ಮದುವೆ.
ಬೆವರೊರೆಸಿಕೊಳ್ಳಲು ಮದುಮಗ
ಗೆಜ್ಜೆತಂಡನ್ನು ದೊಡ್ಡಪ್ಪನ ಕೈಗಿತ್ತ.
ಬರೀ ಬೆತ್ತ, ಬೆಳ್ಳಿ ಕಟ್ಟು, ನಾಲ್ಕು ಗೆಜ್ಜೆ,
ಒಂದು ದಿನದ ಅರಸನದು.
ಝಲ್ಲೆಂದಿತು.
ಬೆಚ್ಚಿಬಿದ್ದರು ದಫೇದಾರರು:
ಇಷ್ಟು ವರ್ಷ ಹೊತ್ತದ್ದು
ಒಮ್ಮೆಯೂ ತುಟಿ ಬಿಚ್ಚಿರಲಿಲ್ಲ.

ಕಾಲು ತಾನಾಗಿ ಮೂರು ಹೆಜ್ಜೆ ಮುಂದಿಟ್ಟಿತು.
ವಾಲಗದವರು ಸರಿದು ದಾರಿ ಬಿಟ್ಟರು.
ತಿರುಗಿ ನೋಡಿದರೆ ಹಿಂದೆ ಯಾರೂ ಇಲ್ಲ;
ಮದುಮಗ ನಿಂತಲ್ಲೇ ಕೈ ಚಾಚಿದ್ದಾನೆ,
ನಗುತ್ತಿದ್ದಾನೆ.

ಸೋಮವಾರ ನನ್ನ ಬಳಿ ಬೀಗದ ಕೈ ಕೇಳಿದರು.
ಕೊಟ್ಟೆ. ಕಡತದಲ್ಲಿ ತಲೆ ಹುದುಗಿಸಿದೆ.
ಬೀರು ಕಿರುಗುಟ್ಟಿತು.
ನಲವತ್ತೊಂದನ್ನು ಕಿವಿಯ ಹತ್ತಿರ ಹಿಡಿದು
ಮೆಲ್ಲಗೆ, ಒಮ್ಮೆ,
ಅಲ್ಲಾಡಿಸಿ ನೋಡಿದರು.