ಒಳಮೈ

ಕಾಕಾನ ಟ್ರಂಕಿನ ತಳದಲ್ಲಿ
ಡಾಂಬರುಗುಳಿಗೆಯ ವಾಸನೆ ಕುಡಿದು ಮಲಗಿದೆ.
ಸೊಲ್ಲಾಪುರದ ಮಗ್ಗಗಳು ಲಕ್ಷಗಟ್ಟಲೆ ಚಾದರ ನೆಯ್ದಿವೆ:
ನವಿಲು, ಚೌಕಡಿ, ಆಹೇರಿಗೆಂದು ಜೋಡಿ ಗಿಣಿ.
ತಲೆಬುರುಡೆ ನೆಯ್ದದ್ದು
ನಮ್ಮ ರೇವಣಸಿದ್ಧ ಕಾಕಾ ಒಬ್ಬನೇ, ಅದೂ ಒಂದೇ.

ಕೆಂಪು ನೆಲ, ಕಪ್ಪು ಬುರುಡೆ,
ಹಲ್ಲಿನಲ್ಲಿ ಕಚ್ಚಿ ಹಿಡಿದ ಸುತ್ತಿಗೆ.
ಅಂಚಿಗೆ ಮಾತ್ರ ಎಂದಿನ ಮಾವಿನಕಾಯಿ ಬಳ್ಳಿ;
ಅದನ್ನು ಬದಲಿಸುವಷ್ಟರಲ್ಲಿ ಬೆಳಗಾಗಿತ್ತಂತೆ.

ತೊಂಬತ್ತೊಂದನೆಯ ಇಸವಿ. ಕನ್ನಾ ಚೌಕ.
ರೈಲ್ವೆ ಗಾರ್ಡನೊಬ್ಬ ರಿಪೇರಿಯ ಬಾಕಿಗೆ ಒತ್ತೆ ಇಟ್ಟ ಕ್ಯಾಸೆಟ್ಟು
ಮುನೀರನ ಅಂಗಡಿಯಲ್ಲಿ ಧೂಳು ತಿನ್ನುತ್ತಿತ್ತು.
ಮೇಲಿನ ಚೀಟಿ ಅರ್ಧ ಹರಿದು
'ಹ್ಯಾಮರ್' ಅನ್ನುವಷ್ಟು ಉಳಿದಿತ್ತು.
ಹಾಕಿದ ಕೂಡಲೇ ಮುನೀರ ಗುಂಡಿ ಒತ್ತಿ ನಿಲ್ಲಿಸಿದ:
"ಟೇಪ್ ಕೆಟ್ಟದ ಮಾರಾಯ."
"ಕೆಟ್ಟಿಲ್ಲೋ," ಅಂದ ಕಾಕಾ,
"ನಮ್ಮ ಶೆಡ್ಡಿನಾಗ ಕುಂತು ರೆಕಾರ್ಡ್ ಮಾಡ್ಯಾರ."

ಹದಿನಾರು ಮಗ್ಗದ ಶೆಡ್ಡು.
ಲಾಳಿ ಈ ಗೋಡೆಗೆ ಒದ್ದು ಆ ಗೋಡೆಗೆ ಒದ್ದು
ಹನ್ನೆರಡು ತಾಸು.
ಅಲ್ಲಿ ಎಂಥ ಭಜನೆಯೂ ಬಾಯಿಂದ ಕಿವಿಗೆ ತಲುಪುವುದಿಲ್ಲ.
ಇದೊಂದು ತಲುಪಿತು.

ಚೀಟಿಯ ಚಿತ್ರವನ್ನು ಚೌಕಳಿ ಕಾಗದಕ್ಕೆ ಇಳಿಸಿ
ಯೆಲ್ಲಯ್ಯನ ಮನೆಗೆ ಒಯ್ದ.
ಯೆಲ್ಲಯ್ಯ ತೆಲುಗಿನಲ್ಲಿ ಬೈಯುತ್ತ ಪಟ್ಟಿಗೆ ತೂತು ಹೊಡೆದ,
ಪ್ರತಿ ನೂರು ತೂತಿಗೊಮ್ಮೆ ಮಾರ್ಕಂಡೇಯನಿಗೆ ಕೈ ಮುಗಿದ.
ಕೂಲಿ: ಒಂದು ಕಿಲೋ ಶೇಂಗಾ ಚಟ್ನಿ.
ಕತ್ತಲಲ್ಲಿ ಪಟ್ಟಿಗಳನ್ನು ಪೋಣಿಸುವಾಗ
ಹಿಂದುಮುಂದಾಯಿತು.
ಇಬ್ಬರಿಗೂ ಇಂಗ್ಲಿಷು ಬಾರದು, ಯಾರು ನೋಡಬೇಕು?

ಮಾಲಕ ನೂಲಿನ ದುಡ್ಡು ಮುರಿದುಕೊಂಡ,
ಮೇಲೆ ಎರಡು ದಿನದ ಪಗಾರ.
"ಹೆಣಕ್ಕ ಹೊಚ್ಚು ಇದನ್ನ" ಅಂದ.

ಲಗ್ನದ ಮರುದಿನ ಕಂಡು ಕಾಕು ಚೀರಿದಳಂತೆ.
ಮೂರನೆಯ ಚಳಿಗಾಲಕ್ಕೆ ಕೂಸನ್ನು ಅದರಲ್ಲೇ ಸುತ್ತಿದಳು.
ಆ ಕೂಸಿನ ಮಾತು ನಮ್ಮ ಮನೆಯಲ್ಲಿ ಆಡುವುದಿಲ್ಲ.

ಹೋದ ತಿಂಗಳು ಪುಣೆಯಿಂದ ಒಬ್ಬ ಬಂದ,
ಗಡ್ಡಕ್ಕೆ ಜಡೆ ಹೆಣೆದವನು.
ಬಿಳಿ ಕೈಗವಸು ತೊಟ್ಟು ಮುಟ್ಟಿದ.
ನಲವತ್ತು ಸಾವಿರ ಅಂದ.
ಯಾವ ಬ್ಯಾಂಡು? ಯಾವ ದೇಶದ್ದು?
ಕಿವುಡಾದ ಮೇಲೆ ಕಾಕಾ ತುಟಿ ಓದುತ್ತಾನೆ. ಓದಿ
ಹೇಳಿದ: "ಶೆಡ್ ನಂಬರ್ ನಾಕು."

ಬಂದವ ಎಡಗಣ್ಣಿನ ಮೇಲೆ ಬೆರಳಿಟ್ಟ.
ನುಸಿ ತಿಂದಲ್ಲಿ ಹಳದಿ ದಾರದಿಂದ ಹೊಲಿಗೆ,
ಇದರಿಂದ ಬೆಲೆ ಇಳಿಯುತ್ತದೆ.
ಭಕ್ರಿ ಬಡಿಯುತ್ತಿದ್ದ ಕಾಕು ತಲೆ ಎತ್ತಲಿಲ್ಲ:
"ಹೊಲಿಗಿ ಅಲ್ಲಪ್ಪಾ. ನಿನಗ ಕಣ್ಣು ಹೊಡ್ಯಾಕತ್ತದ ಅದು."

ಅವನು ಹೋದ ರಾತ್ರಿ ಚಳಿಯಿತ್ತು.
ಚಾದರ ತಲೆತನಕ ಎಳೆದುಕೊಂಡು
ಒಳಗೆ ಮೊಬೈಲಿನ ಬೆಳಕು ಹಚ್ಚಿದೆ.
ಒಳಮೈಯಲ್ಲಿ ಬಣ್ಣ ಅದಲುಬದಲು:
ಕಪ್ಪಿನೊಳಗೆ ಕೆಂಪು ಬುರುಡೆ,
ಹೊರಗಿನಿಂದ ಯಾರಿಗೂ ಓದಲಾಗದ ಅಕ್ಷರ
ನನ್ನ ಮೂಗಿನೆದುರು ನೆಟ್ಟಗೆ.

ಮೇಲಿಂದ ಏನೋ ಬಡಿಯತೊಡಗಿತು.
ಕಾಕಾನ ಬೆರಳು.
ಬುರುಡೆಯ ಮೇಲೆ ತಾಳ ಹಾಕುತ್ತಿದ್ದ,
ಕೆಳಗೆ ನನ್ನದೂ ಒಂದಿದೆ ಎಂಬುದನ್ನು ಮರೆತು.