ಮನೆಯ ಅಪರಾಧ

ಸೇಂಟ್ ಲೂಯಿಸ್ ನಗರಸಭೆಯ ಕಾಗದ ಬಂದಾಗ
ನನಗೆ ಹನ್ನೊಂದು ವರ್ಷ.
ಮನೆಯಲ್ಲಿ ಇಂಗ್ಲಿಷಿಗೆ ನಾನೇ ದಿಕ್ಕು.
ಸೆನಿಹಾ ಮೂಯ್ಕಿಚ್ ಮತ್ತು ಇತರ ಹಕ್ಕುದಾರರಿಗೆ, ಅಂತಿತ್ತು ವಿಳಾಸ.
ಇತರರು ಯಾರೂ ಇರಲಿಲ್ಲ.
ಅಮ್ಮ ಹಿಟ್ಟಿನ ಕೈ ಒರೆಸಿಕೊಂಡು ಎದುರು ಕೂತಳು
ಡಾಕ್ಟರ ಮುಂದೆ ಕೂರುವ ಹಾಗೆ.

ಮೊದಲ ಪದ, ಎಮಿನೆಂಟ್.
ನಿಘಂಟು ತೆಗೆದು ಹೇಳಿದೆ: ಘನತೆವೆತ್ತ.
"ಯಾರು ಬರ್ತಾರಂತೆ?"
ಒಳ್ಳೇ ಕಾಫಿ ಬಟ್ಟಲು ಎಲ್ಲಿಟ್ಟೆನೆಂದು
ಅವಳು ಅರೆಕ್ಷಣ ಯೋಚಿಸಿದ್ದು ಕಂಡಿತು.

ಎರಡನೇ ಪುಟದಲ್ಲಿ ಕಂಡೆಮ್.
ನಮ್ಮ ಬೋಸ್ನಿಯನ್ ನಿಘಂಟಿನಲ್ಲಿ ಅದಕ್ಕೊಂದೇ ಅರ್ಥ,
ಅಪರಾಧಿಯೆಂದು ತೀರ್ಪು ಕೊಡು.
ಕೆಳಗೊಂದು ಉದಾಹರಣೆ, ನೇಣಿನದು.
ಅದನ್ನು ಓದಲಿಲ್ಲ.

"ಮನೆ ಏನು ಮಾಡಿತು?"
ಗೊತ್ತಿಲ್ಲಮ್ಮ.
"ಸರಿಯಾಗಿ ನೋಡು, ಎಲ್ಲೋ ಬರೆದಿರ್ತಾರೆ."
ಬರೆದಿದ್ದರು: ಬ್ಲೈಟ್.
ಅಂಗಮಾರಿ. ಗಿಡಕ್ಕೆ ಬರುವ ರೋಗ.

ಆ ವಾರವೆಲ್ಲ ಬೇಕರಿಯಿಂದ ಬಂದವಳೇ ಏಣಿ ಹತ್ತಿದಳು.
ಕಿಟಕಿಗೆ ವಿನೆಗರ್, ಮೆಟ್ಟಿಲಿಗೆ ಬಿಳಿ ಬಣ್ಣ,
ಇಟ್ಟಿಗೆ ಸಂದಿನ ಪಾಚಿಗೆ
ಅಪ್ಪನ ಹಲ್ಲುಜ್ಜುವ ಬ್ರಷ್ಷು.
(ಅಪ್ಪ ಜ್ವೊರ್ನಿಕ್ ದಾಟಲಿಲ್ಲ. ಬ್ರಷ್ಷು ದಾಟಿತ್ತು.)

ಗುರುವಾರ ಬಂದ ಮಿಸ್ಟರ್ ಹಾಲ್ಡೇನ್ ಸಾಧು ಮನುಷ್ಯ.
ಬೆಲೆ ಕಟ್ಟುವ ಕೆಲಸ. ಗಾಲಿಯಿದ್ದ ಕೋಲು ಉರುಳಿಸಿ
ಅಂಗಳ ಅಳೆದ.
ಅಮ್ಮ ಅವನನ್ನು ಹಿತ್ತಿಲಿಗೆ ಕರೆದು
ಪ್ಲಮ್ ಮರದ ಎಲೆ ಒಂದೊಂದೇ ತಿರುವಿ ತೋರಿಸಿದಳು,
ಬೆನ್ನು, ಹೊಟ್ಟೆ, ತೊಟ್ಟಿನ ಬುಡ.
"ಚುಕ್ಕೆ ಇದೆಯಾ ಕೇಳು. ಒಂದಾದರೂ."
ಕೇಳಿದೆ.
ಅವನು ಎಲೆಯನ್ನೇ ತುಂಬ ಹೊತ್ತು ನೋಡಿದ.
"ಇಲ್ಲ. ಒಳ್ಳೇ ಮರ."
ಆಮೇಲೆ ಬರೆದುಕೊಂಡ:
ಹಣ್ಣಿನ ಮರ, ಒಂದು, ನೂರೈವತ್ತು ಡಾಲರ್.

ಅಮ್ಮ ನನ್ನ ಕಡೆ ತಿರುಗಿದಳು,
"ನಿರಪರಾಧಿ ಅಂದನಾ?"
ಹೂಂ, ಅಂದೆ.
ಗೊತ್ತಿದ್ದೂ ನಾನು ಮಾಡಿದ
ಮೊದಲ ತಪ್ಪು ಅನುವಾದ.
ಈಗ ಕೋರ್ಟಿನಲ್ಲಿ ದುಭಾಷಿ; ಸತ್ಯವನ್ನೇ ನುಡಿಯುತ್ತೇನೆಂದು
ದಿನಾ ಕೈ ಎತ್ತುತ್ತೇನೆ.

ಅಲ್ಲೀಗ ಸಾರ್ವಜನಿಕ ಉಪಯೋಗ ನಡೆದಿದೆ:
ಔಷಧಿ ಅಂಗಡಿ, ನಲವತ್ತು ಕಾರಿನ ಜಾಗ.
ಅಮ್ಮ ಬಿ.ಪಿ. ಮಾತ್ರೆ ಅಲ್ಲೇ ಕೊಳ್ಳುತ್ತಾಳೆ, ಅಗ್ಗ ಅಂತ.
ಗಾಜಿನ ಬಾಗಿಲು ತಾನಾಗಿ ಸರಿಯುತ್ತದೆ.
ಅವಳು ಒಳಗೆ ಹೋಗುವುದಿಲ್ಲ, ತಕ್ಷಣ;
ನಿಂತು
ಎರಡೂ ಕಾಲು ಒರೆಸಿಕೊಳ್ಳುತ್ತಾಳೆ.